ನಿಧಾನ ಓಡಿಸಿ 5:30 ಮುಟ್ಟಿಸಿದ ನನ್ನ ಅನುಭವ

ಸೇನಾ ಭರ್ತಿಯ ರ್‍ಯಾಲಿಗೆ ತಯಾರಾಗುವ ಹುಡುಗರನ್ನು ವಾರದಲ್ಲಿ ನಾಲ್ಕು ದಿನ ನಿಧಾನವಾಗಿ ಓಡಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ‘ಹವಾಲ್ದಾರ್ ಸಾಹೇಬ್ರು ರ್‍ಯಾಲಿಗೆ ತಯಾರಿ ಮಾಡಸ್ತಾರೋ, ವಾಕಿಂಗ್ ಕರ್ಕೊಂಡ್ ಹೊಂಟಾರೋ’ ಅಂತ ಚಹಾದಂಗಡಿಯಲ್ಲಿ ಮಾತು. ಹಾಗೆ ಆಡಿದವರಲ್ಲಿ ನನ್ನಂತೆಯೇ ಪಿಂಚಣಿ ತೆಗೆದುಕೊಳ್ಳುವ, ನನ್ನಂತೆಯೇ ಹುಡುಗರನ್ನು ತಯಾರು ಮಾಡುವ ಗೆಳೆಯರೂ ಇದ್ದರು. ಕಳೆದ ಬ್ಯಾಚಿನ ಇಪ್ಪತ್ತು ಹುಡುಗರ ಪೈಕಿ ಹದಿಮೂರೋ ಹದಿನಾಲ್ಕೋ ಜನ 1.6 ಕಿ.ಮೀ. ಅನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿ ಓಟಕ್ಕಿರುವ ಪೂರ್ತಿ 60 ಅಂಕ ತಂದರು. ಈಗ ಅದೇ ಗೆಳೆಯರು ಫೋನ್ ಮಾಡಿ ‘ಏನ್ ಮಾಡಿಸಿದ್ರಿ’ ಅಂತ ಕೇಳುತ್ತಾರೆ.

ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ 24 ವರ್ಷ ಇದ್ದವನು. ನಡುವೆ ಪುಣೆಯಲ್ಲಿ ಪಿ.ಟಿ. ಕೋರ್ಸ್ ಮಾಡಿ ಉಸ್ತಾದ್, ಅಂದರೆ ಕಸರತ್ತು ಕಲಿಸುವವನು, ಆಗಿದ್ದೆ. 2018ರಲ್ಲಿ ನವಲಗುಂದ ಕಡೆಯ ನಮ್ಮೂರಿಗೆ ಬಂದೆ. ಬೆಂಗಳೂರಿನ ತರಬೇತಿ ಸೆಂಟರ್‌ನಲ್ಲಿ ರಿಕ್ರೂಟ್‌ಗಳಿಗೆ ಮಾಡಿಸುತ್ತಿದ್ದದ್ದನ್ನೇ ಇಲ್ಲೂ ಶುರು ಮಾಡಿದೆ. ದಿನಾ ಬೆಳಗ್ಗೆ ಪೂರ್ತಿ ಜೋರಿನಲ್ಲಿ 1.6 ಕಿ.ಮೀ. ಎರಡನೇ ತಿಂಗಳಿಗೆ ಅರ್ಧ ಹುಡುಗರಿಗೆ ಮೊಣಕಾಲಿನ ಕೆಳಗೆ, ಎಲುಬಿನ ಉದ್ದಕ್ಕೂ ನೋವು. ರಿಕ್ರೂಟ್‌ಗೆ ಹೊತ್ತು ಹೊತ್ತಿಗೆ ಲಂಗರ್ ಊಟ ಇರುತ್ತದೆ, ನಿದ್ದೆಗೂ ಸಮಯ ಕಟ್ಟಿಟ್ಟಿರುತ್ತಾರೆ. ನಮ್ಮ ಹುಡುಗ ಓಡಿ ಬಂದವನೇ ಹೊಲಕ್ಕೆ ಎಡೆ ಹೊಡೆಯಲು ಹೋಗುತ್ತಾನೆ. ಕಾಲಿಗೆ ವಿಶ್ರಾಂತಿ ಸಿಗುವುದಾದರೂ ಯಾವಾಗ?

ಆಮೇಲೆ ಕೊರೊನಾ ಬಂತು. ಎರಡು ವರ್ಷ ಸೇನಾ ಭರ್ತಿಯೇ ನಿಂತಿತು. ಚೆನ್ನಾಗಿ ತಯಾರಾಗಿದ್ದ ಹುಡುಗರ ವಯಸ್ಸು ಮೀರಿತು. 2022ರ ಜೂನ್‌ನಲ್ಲಿ ನಾಲ್ಕು ವರ್ಷಕ್ಕೆ ಸೇನೆಗೆ ತೆಗೆದುಕೊಳ್ಳುವ ಅಗ್ನಿಪಥ ಯೋಜನೆ ಬಂದಾಗ ಆ ವರ್ಷಕ್ಕೆ ಮಾತ್ರ 21ರ ವಯೋಮಿತಿಯನ್ನು 23ಕ್ಕೆ ಏರಿಸಿದರು. ನಮ್ಮಲ್ಲಿ ಇಬ್ಬರು ಮೂವರು ಅದರಲ್ಲಿ ಬಚಾವಾದರು. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25 ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಅಂತ ಗೊತ್ತಾದಾಗ ‘ಇದಕ್ಯಾಕ್ರೀ ಇಷ್ಟು ಒದ್ದಾಟ’ ಅಂತ ಹಲವು ತಂದೆಯಂದಿರು ಮಕ್ಕಳನ್ನು ಬಿಡಿಸಿದರು. ಅಷ್ಟರಲ್ಲಿ ನನ್ನ ನಿವೃತ್ತಿ ಹಣದಲ್ಲಿ ಲಕ್ಷದ ಮೇಲೆ ಇಪ್ಪತ್ತು ಮೂವತ್ತು ಸಾವಿರ ಕರಗಿತ್ತು. ತಗಡಿನ ಶೆಡ್ಡು, ಜೋತುಬಿದ್ದು ಗದ್ದ ಮೇಲೇರಿಸುವ (ಪುಲ್-ಅಪ್) ಬೀಮ್‌ಗೆ ಪೈಪು, ಉದ್ರಿ ಕೊಟ್ಟ ಶೂ. ಶೂ ದುಡ್ಡು ಈವರೆಗೂ ಬಂದಿಲ್ಲ. ಫೀ ತಿಂಗಳಿಗೆ 800 ಅಂತ ಇಟ್ಟಿದ್ದೇನೆ. ಅರ್ಧ ಜನ ಸುಗ್ಗಿ ಆದ ಮೇಲೆ ಕೊಡುತ್ತಾರೆ. ಇನ್ನರ್ಧ ಜನ ಭರ್ತಿಯಾಗಿ ಮೊದಲ ಪಗಾರ ಬಂದ ಮೇಲೆ.

ಈಗ ವಿಧಾನ. ಮೊದಲು ಅಳತೆ. ಫೋನಿನ ಆ್ಯಪ್ ನಂಬಬೇಡಿ. ಅದರಲ್ಲಿ 5:20 ಓಡಿದವನು ರ್‍ಯಾಲಿ ಟ್ರ್ಯಾಕಿನಲ್ಲಿ 5:45 ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮದು ಎರೆ ಮಣ್ಣಿನ ಸೀಮೆ. ಮಳೆಗಾಲದಲ್ಲಿ ಶೂಗೆ ಸೇರುಗಟ್ಟಲೆ ಕೆಸರು ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕಿನಲ್ಲಿ ಪಾದವೇ ಇಳಿಯುತ್ತದೆ. ಡಾಂಬರು ರಸ್ತೆ ಬಿಟ್ಟೆ. ಮಲಪ್ರಭಾ ಕಾಲುವೆ ಪಕ್ಕದ ಗರಸಿನ ದಾರಿ ಹಿಡಿದು, ಟೇಪಿನಲ್ಲಿ ಅಳೆದು, 200 ಮೀಟರಿಗೊಂದು ಕಲ್ಲಿಗೆ ಸುಣ್ಣ ಬಳಿದೆ. ಎಲುಬು ನೋವಿನ ಅರ್ಧ ತಕರಾರು ಅಲ್ಲಿಗೇ ನಿಂತಿತು.

ಮೊದಲ ಎರಡು ತಿಂಗಳು ಸ್ಟಾಪ್‌ವಾಚ್ ಜೇಬಿನಿಂದ ಹೊರಗೇ ಬರುವುದಿಲ್ಲ. ಐದಾರು ಕಿ.ಮೀ. ಓಟ, ಮಾತಾಡುತ್ತಾ ಓಡುವಷ್ಟು ನಿಧಾನ. ಮಾತಾಡಿ ಅಂದರೆ ಹುಡುಗರು ನಗುತ್ತಾರೆ ಅಷ್ಟೇ. ಅದಕ್ಕೆ ಸೈಕಲ್ಲಿನಲ್ಲಿ ಪಕ್ಕಕ್ಕೆ ಹೋಗಿ ‘ಹದಿನೇಳರ ಮಗ್ಗಿ ಹೇಳಲೇ’ ಅನ್ನುತ್ತೇನೆ. ‘ಹದಿನೇಳೈದಲ ಎಂಬತ್ತೈದು’ಕ್ಕೆ ಉಸಿರು ಕಟ್ಟಿತೋ, ವೇಗ ಇಳಿಸು. ಕೊನೆವರೆಗೂ ಹೇಳಿದನೋ, ಇವತ್ತಿಗೆ ಇದೇ ವೇಗ ಸರಿ. ಜೋರಾಗಿ ಓಡುವ ಹುಡುಗನಿಗೆ ಇದೇ ದೊಡ್ಡ ಶಿಕ್ಷೆ. ಊರವರೆದುರು ಹಿಂದೆ ಬೀಳುವುದು ಅಂದರೆ ಸುಮ್ನೆ ಮಾತಲ್ಲ.

ಮೂರನೇ ತಿಂಗಳು 400 ಮೀಟರಿನ ತುಂಡುಗಳು, ವಾರಕ್ಕೆ ಎರಡೇ ದಿನ. 5:30 ಅಂದರೆ 400 ಮೀಟರಿನ ಒಂದೊಂದು ಸುತ್ತಿಗೆ ಸುಮಾರು 82 ಸೆಕೆಂಡು, ಅಲ್ವಾ? 75ಕ್ಕೆ ಬಂದವನನ್ನು ಬೈಯುತ್ತೇನೆ, 88ಕ್ಕೆ ಬಂದವನನ್ನು ಬೈಯುವುದಿಲ್ಲ. ಮೊದಲ ಸುತ್ತನ್ನು 70ರಲ್ಲಿ ಹಾರಿ ಮೂರನೇ ಸುತ್ತಿನಲ್ಲಿ ಸುಸ್ತಾಗಿ ಕುಸಿದವರ ಲೆಕ್ಕ ನಿಮಗೂ ಗೊತ್ತು.

ಇನ್ನೊಂದು, ಗುಂಪಿನ ಸ್ಟಾರ್ಟ್. ರ್‍ಯಾಲಿಯಲ್ಲಿ ನೂರಾರು ಜನರನ್ನು ಒಟ್ಟಿಗೇ ಬಿಡುತ್ತಾರೆ. ಒಂಟಿಯಾಗಿ ಓಡಿ ಕಲಿತವನು ಮೊಣಕೈ ತಾಗಿದ ಕೂಡಲೇ ಗಾಬರಿಯಾಗುತ್ತಾನೆ. ನಾನು ಇಪ್ಪತ್ತೂ ಹುಡುಗರನ್ನು ಕಾಲುವೆ ದಾರಿಯ ಒಂದು ಚಕ್ಕಡಿ ಅಗಲದಲ್ಲಿ ನಿಲ್ಲಿಸಿ ಸೀಟಿ ಊದುತ್ತೇನೆ. ತಳ್ಳಾಟ, ಬೈಗುಳ, ಒಮ್ಮೆ ಒಬ್ಬ ಕಾಲುವೆಗೇ ಬಿದ್ದ. ಆದರೆ ರ್‍ಯಾಲಿಯಲ್ಲಿ ಯಾರೂ ಬೀಳಲಿಲ್ಲ. ಕೊನೆಯ 300 ಮೀಟರಿಗೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹುಡುಗರನ್ನು ಕಳಿಸಿ, ತೋರಿಸುತ್ತೇನೆ.

ಬೀಮ್ ವಿಷಯ ಬೇರೆಯೇ ಪ್ರಯೋಗ. ಹತ್ತು ಪುಲ್-ಅಪ್ ಹೊಡೆದರೆ 40 ಅಂಕ, ಆರಕ್ಕೆ 16. ಓಟದಲ್ಲಿ 5:30 ತಪ್ಪಿ 5:45ರೊಳಗೆ ಬಂದರೆ ಹೋಗುವುದು ಬರೀ 12 ಅಂಕ. ಹೀಗಿದ್ದೂ ಎಲ್ಲರೂ ಓಟದ ಹಿಂದೆಯೇ. ಮೂರಕ್ಕೆ ಸುಸ್ತಾಗುವವರನ್ನು ಸ್ಟೂಲ್ ಮೇಲೆ ಹತ್ತಿಸಿ, ಗದ್ದ ಬೀಮಿನ ಮೇಲಿಟ್ಟು, ಎಂಟು ಎಣಿಸುವಷ್ಟು ಹೊತ್ತು ನಿಧಾನ ಇಳಿಸಿದೆ. ಏರುವುದೇ ಬೇಡ, ಇಳಿಯುವುದು ಮಾತ್ರ. ಎರಡು ಎರಡೂವರೆ ತಿಂಗಳಲ್ಲಿ ಬಹಳಷ್ಟು ಜನ ಎಂಟು ದಾಟಿದರು. ಪೈಪಿಗೆ ಹಗ್ಗ ಸುತ್ತಿ ದಪ್ಪ ಮಾಡಿದ್ದು ಮಾತ್ರ ಉಪಯೋಗಕ್ಕೆ ಬರಲಿಲ್ಲ, ಅಂಗೈ ಕಿತ್ತು ಒಂದು ವಾರ ಎಲ್ಲರೂ ಖಾಲಿ ಕೂತರು. ಪ್ರೋಟೀನ್ ಡಬ್ಬಿ ತಂದವನ ಡಬ್ಬಿಯನ್ನು ಅವರಪ್ಪನ ಕೈಗೇ ಕೊಟ್ಟೆ. ಶೇಂಗಾ, ರೊಟ್ಟಿ, ಮೊಸರು ಸಾಕು.

ಇಷ್ಟೆಲ್ಲ ಆದರೂ 2023ರಿಂದ ಆನ್‌ಲೈನ್ ಪರೀಕ್ಷೆಯೇ ಮೊದಲು, ಓಟ ಆಮೇಲೆ. ಒಂದು ಗಂಟೆ, 50 ಪ್ರಶ್ನೆ, ತಪ್ಪಿಗೆ ಅಂಕ ಕಟ್. ನನ್ನ ಅತಿ ಒಳ್ಳೆಯ ಓಟಗಾರ ಮೈದಾನ ನೋಡುವ ಮೊದಲೇ ಮನೆಗೆ ಬಂದ. ಹಾಗಾಗಿ ಈಗ ನಿವೃತ್ತ ಗಣಿತ ಮಾಸ್ತರರೊಬ್ಬರನ್ನು ಸಂಜೆ ಕರೆಸುತ್ತಿದ್ದೇನೆ, ತಿಂಗಳಿಗೆ ಮೂರು ಸಾವಿರ. ಫೀಯಲ್ಲಿ ಅದು ಗಿಟ್ಟುವುದಿಲ್ಲ, ಪಿಂಚಣಿಯಿಂದಲೇ ಹೋಗುತ್ತದೆ. ಮುಂದಿನ ಬ್ಯಾಚಿಗೆ ಫೀ ಸಾವಿರ ಮಾಡುತ್ತೇನೆ ಅಂತ ಈಗಲೇ ಹೇಳಿಬಿಟ್ಟಿದ್ದೇನೆ.