ಹಳೇ ಡಿಮ್ಮರ್ ಇಟ್ಟುಕೊಂಡು ರಾತ್ರಿಯಿಡೀ ಕುರುಕ್ಷೇತ್ರ

ತುಮಕೂರು ಕಡೆ ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದರೆ ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಅಷ್ಟೂ ಹೊತ್ತು ಹಾರ್ಮೋನಿಯಂ ಮೇಷ್ಟ್ರು ಕೂರುತ್ತಾರೆ. ರಂಗಮಂದಿರದಲ್ಲಿ ಲೈಟಿನ ಬೆಳಕು ಏರಿಸಿ ಇಳಿಸುವ ಹಳೇ ಡಿಮ್ಮರ್ ಪೆಟ್ಟಿಗೆ ತಡೆಯುತ್ತದೆಯೇ? ಅದನ್ನು ಮಧ್ಯಾಹ್ನವೇ ನೋಡಿಕೊಳ್ಳಬೇಕು. ಬೆಳಕಿನ ಹೊಣೆ ನಿಮ್ಮದಾದರೆ ಊಟ ಮುಗಿಸಿ ಎರಡು ಗಂಟೆಗೇ ಹೋಗಿಬಿಡಿ. ಪಾತ್ರಧಾರಿಗಳು ಬಣ್ಣ ಹಚ್ಚಲು ಕೂತ ಮೇಲೆ ನಿಮ್ಮ ಮಾತು ಯಾರೂ ಕೇಳಲ್ಲ.

ಮೊದಲು ಮೇನ್ ಆಫ್ ಮಾಡಿ ಕಣ್ಣಾಡಿಸಿ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆಯೇ, ವೈರ್ ಸಡಿಲವಾಗಿದೆಯೇ, ಸುಟ್ಟ ವಾಸನೆ ಇದೆಯೇ? ಇದ್ದರೆ ಆ ಚಾನೆಲ್, ಅಂದರೆ ಡಿಮ್ಮರಿನಿಂದ ಲೈಟಿಗೆ ಹೋಗುವ ಆ ಲೈನ್, ಬಿಟ್ಟುಬಿಡಿ. ಡಿಮ್ಮರಿನ ಮುಚ್ಚಳವನ್ನು ಮಾತ್ರ ನೀವು ಬಿಚ್ಚಬೇಡಿ. ಮೂರು ಫೇಸ್ ಬಂದಿರುವ ಕಡೆ ಎರಡು ಫೇಸ್ ನಡುವೆ 400 ವೋಲ್ಟ್ ಇರುತ್ತದೆ. ಅದು ಎಲೆಕ್ಟ್ರಿಷಿಯನ್ ಕೆಲಸ.

ಆಮೇಲೆ ಲೋಡ್ ಲೆಕ್ಕ. 230 ವೋಲ್ಟ್‌ನಲ್ಲಿ 1000 ವ್ಯಾಟ್ ಲೈಟ್ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಚಾನೆಲ್ಲಿಗೆ 10 ಆಂಪಿಯರ್ ಫ್ಯೂಸ್ ಇದ್ದರೆ ಅಂಥವು ಎರಡೇ. ಮೂರನೆಯದು ಹಾಕಿ, ಫ್ಯೂಸ್ ಹೋದಾಗ ದಪ್ಪ ತಾಮ್ರದ ಎಳೆ ಕಟ್ಟುವವರನ್ನು ನೋಡಿದ್ದೇನೆ. ಆಗ ಫ್ಯೂಸ್ ಬದಲು ವೈರಿಂಗೇ ಸುಡುತ್ತದೆ.

ಈಗ ಮೇನ್ ಹಾಕಿ, ಚಾನೆಲ್ಲಿನ ಬೆಳಕು ಏರಿಸಿ ಇಳಿಸುವ ಹಿಡಿ, ಅದೇ ಫೇಡರ್, ಒಂದೊಂದನ್ನೇ ನಿಧಾನಕ್ಕೆ ಮೇಲೆತ್ತಿ. ಕಂಡದ್ದನ್ನು ಬರೆದುಕೊಳ್ಳಲು ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಇದಕ್ಕೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ. ಹಳೇ ಡಿಮ್ಮರಿನ ಒಂದೊಂದು ಚಾನೆಲ್ಲಿಗೆ ಒಂದೊಂದು ಗುಣ. ಒಂದು, ಫೇಡರ್ ಮೂರರ ಗುರುತಿಗೆ ಬರುವವರೆಗೂ ಸುಮ್ನಿದ್ದು ಆಮೇಲೆ ದಿಢೀರನೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಮಿಣುಕುತ್ತದೆ. ಮತ್ತೊಂದು ಫೇಡರ್ ಸೊನ್ನೆಗಿಳಿಸಿದರೂ ಆರುವುದಿಲ್ಲ. ಒಳಗೆ ಕರೆಂಟನ್ನು ಬಿಟ್ಟು ತಡೆಯುವ ಥೈರಿಸ್ಟರ್ ಎಂಬ ಬಿಡಿಭಾಗ ಶಾರ್ಟ್ ಆದರೆ ಹೀಗಾಗುತ್ತದೆ. ಇದನ್ನು ನೋಡದೆ ಒಮ್ಮೆ ಕೆಟ್ಟಿದ್ದೇನೆ. ದುರ್ಯೋಧನ ಸರೋವರದಲ್ಲಿ ಅಡಗಬೇಕು, ರಂಗ ಕತ್ತಲಾಗಬೇಕು. ನಾಲ್ಕನೇ ಚಾನೆಲ್ ಆರಲೇ ಇಲ್ಲ. ಅಡಗಿದ ದುರ್ಯೋಧನ ಕೊನೇ ಸಾಲಿನವರಿಗೂ ಕಂಡ. ಭೀಮ ಮಾತ್ರ ಪಾಪ, ಹುಡುಕುತ್ತಲೇ ಇದ್ದ.

ಎಲ್‌ಇಡಿ ಪಾರ್ (ರಂಗದ ಎಲ್‌ಇಡಿ ಲೈಟ್) ತಂದಿದ್ದರೆ ಅದನ್ನು ಡಿಮ್ಮರಿಗೆ ಸಿಕ್ಕಿಸಬೇಡಿ. ಡಿಮ್ಮರ್ ಸೆಕೆಂಡಿಗೆ 100 ಸಲ ಕರೆಂಟನ್ನು ಕತ್ತರಿಸಿ ಕೊಡುತ್ತದೆ. ಬಲ್ಬಿನ ತಂತಿಗೆ ಅದು ಒಗ್ಗುತ್ತದೆ, ಎಲ್‌ಇಡಿ ಒಳಗಿನ ಸರ್ಕ್ಯೂಟಿಗೆ ಒಗ್ಗುವುದಿಲ್ಲ. ಮಿಣುಕುತ್ತದೆ, ಸುಟ್ಟೂ ಹೋಗಬಹುದು. ಅದಕ್ಕೆ ನೇರ ಪಾಯಿಂಟಿನಿಂದ ಕರೆಂಟ್ ಕೊಡಿ, ಅಂಥ ಲೈಟಿಗೆ ಸಿಗ್ನಲ್ ಕಳಿಸಿ ನಡೆಸುವ ಡಿಎಂಎಕ್ಸ್ ಬೋರ್ಡಿನಿಂದ ನಡೆಸಿ. ಹೊಗೆ ಯಂತ್ರ, ಫ್ಯಾನನ್ನೂ ಡಿಮ್ಮರಿಗೆ ಸಿಕ್ಕಿಸಬೇಡಿ, ನೇರ ಪಾಯಿಂಟೇ ಕೊಡಿ. ಮೈಕ್ ವೈರನ್ನು ಲೈಟಿನ ವೈರ್ ಜೊತೆ ಎಳೆಯಬೇಡಿ. ಎಳೆದರೆ ಕಂದಪದ್ಯದ ಜೊತೆ ಡಿಮ್ಮರಿನ ಗುಂಯ್ ಸದ್ದೂ ಕೇಳಿಸುತ್ತದೆ.

ಪರದೆ ಏಳುವ ಕಾಲು ಗಂಟೆ ಮುಂಚೆ ಎಲ್ಲ ಲೈಟೂ ಸಣ್ಣಗೆ ಉರಿಯಲಿ. ತಣ್ಣಗಿರುವ ಬಲ್ಬ್ ಹೊತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ಎಳೆಯಬಹುದು. ಇದೇ ಕಾರಣಕ್ಕೆ, ನಡುವೆ ಕರೆಂಟ್ ಹೋದರೆ ಮೊದಲು ಎಲ್ಲ ಚಾನೆಲ್ಲನ್ನೂ ಒಟ್ಟಿಗೆ ಇಳಿಸುವ ಮಾಸ್ಟರ್ ಫೇಡರ್ ಇಳಿಸಿ. ಇಲ್ಲದಿದ್ದರೆ ಜನರೇಟರ್ ಹಾಕಿದ ತಕ್ಷಣ ಎಲ್ಲವೂ ಒಟ್ಟಿಗೆ ಎಳೆದು ಎಂಸಿಬಿ ಬೀಳುತ್ತದೆ. ಗಾಬರಿ ಬೇಡ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಶುರುವಾದಾಗ ಈ ಸೀಮೆಯಲ್ಲಿ ಕರೆಂಟೇ ಇರಲಿಲ್ಲ, ನಾಟಕ ನಡೆಯಲಿಲ್ವಾ?

ಡಿಮ್ಮರಿನ ಗಾಳಿಕಿಂಡಿ ಮೇಲೆ ಯಾರೂ ಶಾಲು, ಟೀ ಲೋಟ ಇಡದಂತೆ ನೋಡಿಕೊಳ್ಳಿ. ಗಂಟೆಗೊಮ್ಮೆ ಹತ್ತಿರ ಹೋಗಿ ಮೂಸಿ. ಬೆಳಗ್ಗೆ ಮಂಗಳವಾದ ಮೇಲೆ ಲೈಟೆಲ್ಲ ಆರಿಸಿ, ಡಿಮ್ಮರ್ ತಣ್ಣಗಾಗಲು ಹತ್ತು ನಿಮಿಷ ಬಿಟ್ಟು ಮೇನ್ ತೆಗೆಯಿರಿ. ಹೊರಡುವಾಗ ಆ ನೋಟ್‌ಬುಕ್ಕಿನ ಹಾಳೆ ಹರಿದು ಡಿಮ್ಮರ್ ಪಕ್ಕದ ಗೋಡೆಗೆ ಅಂಟಿಸಿ. ನಾಳೆ ಇನ್ನೊಂದು ಊರಿನವರ ಕುರುಕ್ಷೇತ್ರ ಇರುತ್ತದೆ.