ನನ್ನ ಗೂಢಚಾರನ ಟಿಎ ಬಿಲ್ ಇನ್ನೂ ಪಾಸಾಗಿಲ್ಲ

1968ರಲ್ಲಿ ರಾಜ್‌ಕುಮಾರ್ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆದರು. ಅದೇ ವರ್ಷ ದೆಹಲಿಯಲ್ಲಿ ಆರ್.ಎನ್. ಕಾವ್ ಅವರ ಕೈಕೆಳಗೆ ನಮ್ಮ ವಿದೇಶಿ ಗುಪ್ತಚರ ಸಂಸ್ಥೆ 'ರಾ' ಶುರುವಾಯಿತು. ತೆರೆಯ ಮೇಲಿನವನಿಗೆ ಪಿಸ್ತೂಲು, ಸೂಟು. ಆದರೆ ನಿಜದಲ್ಲಿ ಗೂಢಚಾರಿಕೆ ಒಂದು ಸರ್ಕಾರಿ ಕೆಲಸ. ಫೈಲು, ಸೀಲು, ಮೇಲಧಿಕಾರಿ ಎಲ್ಲ ಇರಲೇಬೇಕಲ್ವಾ? ವಿಡಂಬನೆ ಬರೆಯುವ ನನಗೆ ಬೇಕಾದ್ದು ಅದೇ.

ಪಾತ್ರ ಕಟ್ಟುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಈ ಮನುಷ್ಯನ ನಿದ್ದೆ ಕೆಡಿಸುವ ಸಣ್ಣ ವಿಷಯ ಯಾವುದು? ದೇಶದ ಚಿಂತೆ ಎಲ್ಲ ಗೂಢಚಾರರಿಗೂ ಇರುತ್ತದೆ. ಅದರಿಂದ ಯಾರೂ ನೆನಪಲ್ಲಿ ಉಳಿಯುವುದಿಲ್ಲ. ನನ್ನ ಕಥೆಯ ಗೂಢಚಾರ ನಾಗಭೂಷಣನಿಗೆ ಇರುವುದು ಟಿಎ ಬಿಲ್ಲಿನ, ಅಂದರೆ ಪ್ರಯಾಣ ಭತ್ಯೆಯ ಚಿಂತೆ.

ಆ ಚಿಂತೆಯನ್ನು ನಿಜವಾದ ಒಂದು ನಿಯಮಕ್ಕೆ ಗಂಟು ಹಾಕುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ನೋಡಿ. ರಾ, ಐಬಿಯಂಥ ಗುಪ್ತಚರ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಮಾಹಿತಿ ಕೇಳಬಹುದು. ಪಕ್ಕದ ಮನೆಯವನು ಪಂಚಾಯಿತಿಯ ಚರಂಡಿ ಲೆಕ್ಕ ಕೇಳಬಹುದು. ನಾಗಭೂಷಣ ಮಾತ್ರ ತನ್ನ ಬಿಲ್ ಯಾರ ಟೇಬಲ್ಲಿನ ಮೇಲಿದೆ ಅಂತ ಆರ್‌ಟಿಐ ಹಾಕುವ ಹಾಗಿಲ್ಲ. ಹಾಗಾಗಿ ಅವನು ತನ್ನ ಮೇಲೆ ತಾನೇ ಒಂದು ಭ್ರಷ್ಟಾಚಾರದ ಆರೋಪ ಬರೆಯಲು ಕೂರುತ್ತಾನೆ. ಅಲ್ಲಿಂದ ಮುಂದೆ ಕಥೆಯನ್ನು ನಾನು ಎಳೆಯಬೇಕಾಗಲಿಲ್ಲ.

ಒಂದು ಕಟ್ಟುನಿಟ್ಟು ಇದೆ. ಅವನು ಜೋಕ್ ಮಾಡಬಾರದು. ತಾನು ತಮಾಷೆಯಾಗಿ ಕಾಣುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತೇ ಇರಬಾರದು. ಕಠ್ಮಂಡುವಿನ ಹೋಟೆಲ್ಲಿನಲ್ಲಿ ಮಾಹಿತಿ ತಂದವನಿಗೆ ದುಡ್ಡಿನ ಕವರ್ ಕೊಟ್ಟು, ಬ್ಯಾಗಿನಿಂದ ರಸೀದಿ ಪುಸ್ತಕ ತೆಗೆಯುತ್ತಾನೆ.

"ಇಲ್ಲೊಂದು ಸಹಿ ಹಾಕಿಬಿಡಿ ಸಾರ್. ಆಡಿಟ್‌ನವರು ಕೇಳ್ತಾರೆ."

"ನನ್ನ ಹೆಸರೇ ಗುಟ್ಟಲ್ವೇನ್ರಿ?"

"ಹೆಬ್ಬೆಟ್ಟಾದ್ರೂ ಪರವಾಗಿಲ್ಲ."

ಇದನ್ನು ಅವನು ಪೂರ್ತಿ ಸೀರಿಯಸ್ಸಾಗಿ, ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾನೆ. ಕಣ್ಣು ಮಿಟುಕಿಸಿದ ಅಂತ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮೇಲಧಿಕಾರಿ ಸುಲಭ. ಮನೆಯಲ್ಲಿ ಉಪ್ಪು ಕಡಿಮೆಯಾದರೂ "ಸೂಕ್ತ ಕ್ರಮ ಜರುಗಿಸುವುದು" ಅನ್ನುವ ಮನುಷ್ಯ. ಒಂದೇ ಚಟ, ಸಾಕು.

ಆಚೆ ದೇಶದ ಗೂಢಚಾರನನ್ನು ಮಾತ್ರ ಸುಮ್ನೆ ಖಳನಾಯಕ ಮಾಡಲು ಮನಸ್ಸು ಬರಲಿಲ್ಲ. ಅವನ ಪ್ರಮೋಷನ್ ಕೂಡ ನಿಂತಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಂಬಾಲಿಸುತ್ತಾ ಒಂದೇ ಟ್ಯಾಕ್ಸಿಯಲ್ಲಿ ಹೋಗುತ್ತಾರೆ, ಬಿಲ್ ಮಾತ್ರ ಬೇರೆಬೇರೆ ಮಾಡಿಸುತ್ತಾರೆ.