610 ಬಂದ ರಾತ್ರಿ

ಹುಟ್ಟೂರು ಧಾರವಾಡ, ಕೆಲಸ ಪುಣೆಯ ಒಂದು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯವರ ಕೂಸುಗಳು ನಮ್ಮಲ್ಲಿ ಸದಾ ಇರುತ್ತವೆ. ಈ ಕೂಸು 28 ವಾರಕ್ಕೇ ಹುಟ್ಟಿತ್ತು, ತೂಕ 980 ಗ್ರಾಂ. ಇಂಡಿ ತಾಲೂಕಿನ ತಾಯಿ ಸಿರಿಂಜು ಪಂಪ್ ನೋಡಿ ಕೇಳಿದಳು: "ಡಾಕ್ಟ್ರಮ್ಮಾರ, ಕೂಸಿನ ನರದಾಗ ಹಾಲು ಬಿಡಾಕತ್ತೀರೇನ್ರಿ?"

ಬಣ್ಣ ಹಾಲಿನದೇ. ಆದರೆ ಅದು ಎಣ್ಣೆ. ಎಣ್ಣೆ ನೀರು ಬೇರೆಯಾಗದಂತೆ ಮೊಟ್ಟೆಯ ಫಾಸ್ಫೋಲಿಪಿಡ್ ಹಾಕಿ, ನೀರಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಬೆರೆಸಿದ್ದು. ಹಾಲು ಪೂರ್ತಿ ಜೀರ್ಣಿಸಿಕೊಳ್ಳುವ ತನಕ ಶಕ್ತಿಯೂ ಬೇಕು, ಮಿದುಳಿಗೆ ಕೊಬ್ಬಿನಾಮ್ಲವೂ ಬೇಕು, ಅಲ್ವಾ? ಮೊದಲ ದಿನ ಕಿಲೋಗೆ 2 ಗ್ರಾಂ ಕೊಟ್ಟೆ, ಮೂರನೇ ದಿನ 3 ಗ್ರಾಂ. 20% ಎಣ್ಣೆಯ ಮಿಶ್ರಣದಲ್ಲಿ ಅದು ದಿನಕ್ಕೆ ಹೆಚ್ಚುಕಡಿಮೆ 15 ಎಂಎಲ್. ಮೂರು ಟೀ ಚಮಚ, ಅಷ್ಟೇ. ಅದನ್ನೇ 24 ಗಂಟೆ ಹರಿಸಬೇಕು.

ಆ ರಾತ್ರಿ ಎರಡು ಗಂಟೆಗೆ ಲ್ಯಾಬಿನಿಂದ ಫೋನ್. ಸೀರಂ (ರಕ್ತದ ತಿಳಿ) ಹಾಲಿನ ಹಾಗೆ ಬೆಳ್ಳಗಿದೆ, ಟ್ರೈಗ್ಲಿಸರೈಡ್, ಅಂದರೆ ರಕ್ತದ ಕೊಬ್ಬು, 610 ಮಿಗ್ರಾಂ/ಡಿಎಲ್. ಕೂಸುಗಳಲ್ಲಿ 265 ದಾಟಿದರೆ ಕೊಬ್ಬು ಇಳಿಸುವ ಯೋಚನೆ ಮಾಡುತ್ತೇವೆ. ಇದು 610! ನಾನು ಪಂಪನ್ನೇ ಬಂದ್ ಮಾಡಿಸಿದೆ.

ಬೆಳಿಗ್ಗೆ ಸೀನಿಯರ್ ಬಂದು ಒಂದೇ ಮಾತು ಕೇಳಿದರು: "ರಕ್ತ ಎಲ್ಲಿಂದ ತೆಗೆದಿ?" ಹೊಕ್ಕುಳ ಲೈನಿನಿಂದ, ನಾನೇ ತೆಗೆದಿದ್ದೆ. ಅದೇ ಲೈನಿನಲ್ಲಿ ಎಣ್ಣೆ ಹೋಗುತ್ತಿತ್ತು. ನಿಲ್ಲಿಸಿ ಸಲೈನ್ ಬಿಟ್ಟಿದ್ದೆ, ನಿಜ. ಆದರೆ ನಳಿಕೆಯ ಗೋಡೆಗೆ ಅಂಟಿದ ನಾಲ್ಕು ಹನಿಯೇ ಸಾಕಾಗುತ್ತದೆ. ಪಂಪ್ ಮತ್ತೆ ಶುರು ಮಾಡಿ, ಕೆಲವು ಗಂಟೆ ಬಿಟ್ಟು ಹಿಮ್ಮಡಿ ಚುಚ್ಚಿ ತೆಗೆದೆವು. 190. ಆ ಕೂಸಿಗೆ ಅರ್ಧ ರಾತ್ರಿಯ ಊಟ ನಾನು ಸುಮ್ನೆ ಕಸಿದಿದ್ದೆ.

ಒಂಬತ್ತನೇ ದಿನ ಮತ್ತೆ ಏರಿತು. ಈ ಸಲ ಹಿಮ್ಮಡಿಯ ರಕ್ತವೇ, 340. ಕೂಸು ಮಂಕಾಗಿತ್ತು, ಉಸಿರು ಆಗಾಗ ನಿಲ್ಲುತ್ತಿತ್ತು. ನಂಜು, ಅಂದರೆ ರಕ್ತದ ಸೋಂಕು, ಏರಿತ್ತು. ರಕ್ತದ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವ ಇಂಥ ಎಳೆಗೂಸಿನಲ್ಲಿ ಮೊದಲೇ ಕಡಿಮೆ. ನಂಜಾದಾಗ ಅದು ಇನ್ನೂ ಸೋಲುತ್ತದೆ, ಅದೇ ಡೋಸ್ ರಕ್ತದಲ್ಲೇ ನಿಂತುಬಿಡುತ್ತದೆ. ಈ ಸಲ ಬಂದ್ ಮಾಡಲಿಲ್ಲ. ಕಿಲೋಗೆ 3 ಗ್ರಾಂನಿಂದ 1.5ಕ್ಕೆ ಇಳಿಸಿದೆ. ಪೂರ್ತಿ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಬೇಕಾದ ಕೊಬ್ಬಿನಾಮ್ಲದ ಕೊರತೆ ಕಾಣಿಸಿಕೊಳ್ಳುತ್ತದೆ. ಆ್ಯಂಟಿಬಯಾಟಿಕ್ ಹಿಡಿದ ಮೇಲೆ ಅಂಕಿ 230ಕ್ಕೆ ಬಂತು. ಆಮೇಲೆ ಮೆಲ್ಲಗೆ ಏರಿಸಿದೆ.

ಹಳೆಯ 10% ಬಾಟಲಿಯ ಬಗ್ಗೆ ಒಂದು ಮಾತು. ಎಣ್ಣೆ ಅರ್ಧ ಇದ್ದರೆ ಹಗುರ ಅನ್ನಿಸುತ್ತದೆ. ಆದರೆ ಫಾಸ್ಫೋಲಿಪಿಡ್ ಮಾತ್ರ 20%ರಲ್ಲಿ ಇರುವಷ್ಟೇ ಇರುತ್ತದೆ. ಅಂದರೆ ಅಷ್ಟೇ ಎಣ್ಣೆ ಕೊಡಲು ಎರಡು ಪಟ್ಟು ಫಾಸ್ಫೋಲಿಪಿಡ್ ಒಳಗೆ ಹೋಗುತ್ತದೆ. ಅದರಿಂದ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಜಾಸ್ತಿ ಏರುತ್ತವೆ. ನಾನು ಅದನ್ನು ಮುಟ್ಟುವುದಿಲ್ಲ.

ಈಗ ಬಿಳಿ ಸಿರಿಂಜಿನ ಲೈನಿಗೆ ನಾನೇ ಕೆಂಪು ಟೇಪ್ ಸುತ್ತುತ್ತೇನೆ, ಅಲ್ಲಿಂದ ಯಾರೂ ರಕ್ತ ಎಳೆಯದ ಹಾಗೆ. ಇಂಡಿಯ ಆ ತಾಯಿ ಅದನ್ನೂ ಬಿಡಲಿಲ್ಲ: "ದೃಷ್ಟಿ ತಗೀಲಾಕ ಕಟ್ಟೀರೇನ್ರಿ?" ಹೌದೆಂದೆ.